ಹೊರಗೆ ಯುದ್ಧ, ಒಳಗೆ ಹಕ್ಕಿನ ಜಗಳ: ಅಮೆರಿಕದ ಬಗ್ಗೆ ಎರಡು ಪ್ರಶ್ನೆ

ಪ್ರಶ್ನೆ: ನಾನು ಬಿ.ಎ. ಇತಿಹಾಸ ಓದುತ್ತಿದ್ದೇನೆ. ನಮ್ಮ ಪುಸ್ತಕದಲ್ಲಿ ಅಮೆರಿಕದ 1898ರ ಯುದ್ಧ ಒಂದು ಪಾಠ, ಮೊದಲ ಮಹಾಯುದ್ಧ ಇನ್ನೊಂದು, ಹೆಂಗಸರ ಮತದಾನದ ಹಕ್ಕು ಮತ್ತೊಂದು. ಇವಕ್ಕೆಲ್ಲ ಒಂದಕ್ಕೊಂದು ಸಂಬಂಧ ಇದೆ ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ. ನಿಜವಾಗಿಯೂ ಇದೆಯಾ ಸರ್? – ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ಮೇಷ್ಟ್ರು ಹೇಳಿದ್ದು ಸರಿಯಮ್ಮ. ಯುದ್ಧ ನಡೆಸಬೇಕಾದರೆ ಸರ್ಕಾರಕ್ಕೆ ದುಡಿಯುವ ಕೈ ಬೇಕು, ಜನರ ಒಪ್ಪಿಗೆಯೂ ಬೇಕು. ಯಾರ ಹತ್ತಿರ ಅದನ್ನು ಕೇಳಬೇಕಾಯಿತೋ ಅವರು ತಿರುಗಿ ತಮ್ಮ ಹಕ್ಕು ಕೇಳಿದರು. ಆದರೆ ಎಲ್ಲರಿಗೂ ಒಂದೇ ಉತ್ತರ ಸಿಗಲಿಲ್ಲ.

1898ರಿಂದ ಶುರು ಮಾಡೋಣ. ಸ್ಪೇನಿನ ಹಿಡಿತದಿಂದ ಕ್ಯೂಬಾವನ್ನು ಬಿಡಿಸುತ್ತೇವೆ ಅಂತ ಅಮೆರಿಕ ಯುದ್ಧಕ್ಕಿಳಿಯಿತು. ಯುದ್ಧ ಮುಗಿಯುವಷ್ಟರಲ್ಲಿ ಪೋರ್ಟೊ ರಿಕೊ, ಗುವಾಮ್ ಅಮೆರಿಕದ ಕೈಗೆ ಬಂದಿದ್ದವು. 2 ಕೋಟಿ ಡಾಲರ್ ಕೊಟ್ಟು ಫಿಲಿಪ್ಪೀನ್ಸನ್ನೂ ಪಡೆದುಕೊಂಡಿತು. ಅಲ್ಲಿನ ಜನ ಆಗಲೇ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದರು. 1899ರಲ್ಲಿ ಅವರ ಮೇಲೆಯೇ ಯುದ್ಧ ಶುರುವಾಯಿತು. ಗುಂಡು, ಹಸಿವು, ಕಾಯಿಲೆಯಿಂದ ಸತ್ತ ಸಾಮಾನ್ಯ ಜನರೇ 2 ಲಕ್ಷದಷ್ಟು ಅಂತ ಅಂದಾಜಿದೆ. ಇದನ್ನು ವಿರೋಧಿಸಿದ ಅಮೆರಿಕನ್ನರೂ ಇದ್ದರು. ಲೇಖಕ ಮಾರ್ಕ್ ಟ್ವೇನ್ ಅವರಲ್ಲೊಬ್ಬರು.

ಅದೇ 1898ರಲ್ಲಿ ಲೂಸಿಯಾನ ರಾಜ್ಯ ಹೊಸ ಸಂವಿಧಾನ ಮಾಡಿಕೊಂಡು ಕಪ್ಪು ಜನರ ಮತದಾನಕ್ಕೆ ಕತ್ತರಿ ಹಾಕಿತು. 1896ರಲ್ಲಿ ಅಲ್ಲಿ ಸುಮಾರು 1 ಲಕ್ಷ 30 ಸಾವಿರ ಕಪ್ಪು ಮತದಾರರಿದ್ದರು. 1900ರಲ್ಲಿ ಉಳಿದವರು 5 ಸಾವಿರ ಚಿಲ್ಲರೆ. ಕೆಲವರು ಆಳೋಕೆ, ಕೆಲವರು ಆಳಿಸಿಕೊಳ್ಳೋಕೆ ಹುಟ್ಟಿದವರು ಅನ್ನುವ ನಂಬಿಕೆ ಫಿಲಿಪ್ಪೀನ್ಸಿನ ಮನಿಲಾದಲ್ಲೂ ಲೂಸಿಯಾನದಲ್ಲೂ ಒಂದೇ ಆಗಿತ್ತು. ಈ ಎರಡನ್ನೂ ಒಟ್ಟಿಗೆ ಓದಿ ಅಂತ ನಾನು ಒತ್ತಿ ಹೇಳುತ್ತೇನೆ.

ಇನ್ನು 1917. ಏಪ್ರಿಲ್‌ನಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ ಜರ್ಮನಿ ಮೇಲೆ ಯುದ್ಧ ಸಾರಲು ಸಂಸತ್ತನ್ನು ಕೇಳಿದರು. ಜಗತ್ತಿನಲ್ಲಿ ಪ್ರಜಾಪ್ರಭುತ್ವ ಉಳಿಯಬೇಕು ಅನ್ನುವುದು ಅವರು ಕೊಟ್ಟ ಕಾರಣ. ಆ ಮಾತನ್ನು ಹೆಂಗಸರು ಗಟ್ಟಿಯಾಗಿ ಹಿಡಿದುಕೊಂಡರು.

ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಆಲಿಸ್ ಪಾಲ್ ಮತ್ತು ಸಂಗಡಿಗರು ಜನವರಿಯಿಂದಲೇ ಶ್ವೇತಭವನದ ಗೇಟಿನ ಮುಂದೆ ಬ್ಯಾನರ್ ಹಿಡಿದು ನಿಲ್ಲುತ್ತಿದ್ದರು. ಯುದ್ಧ ಶುರುವಾದರೂ ಜಾಗ ಬಿಡಲಿಲ್ಲ. ಆಗಸ್ಟ್‌ನಲ್ಲಿ ಬಂದ ಬ್ಯಾನರ್ ನೇರವಾಗಿ 'ಕೈಸರ್ ವಿಲ್ಸನ್' ಅಂತಲೇ ಶುರುವಾಗುತ್ತಿತ್ತು. ಜರ್ಮನಿಯ ಜನರಿಗೆ ಸ್ವಂತ ಆಳ್ವಿಕೆ ಇಲ್ಲವಲ್ಲ ಅಂತ ಮರುಗಿದ್ದಿರಿ, ಇಲ್ಲಿ 2 ಕೋಟಿ ಅಮೆರಿಕದ ಹೆಂಗಸರಿಗೂ ಅದು ಇಲ್ಲ ಅನ್ನುವುದು ಅದರ ತಾತ್ಪರ್ಯ. ಶತ್ರು ದೇಶ ಜರ್ಮನಿಯ ದೊರೆಯ ಬಿರುದನ್ನು ತಮ್ಮ ಅಧ್ಯಕ್ಷರಿಗೆ ಇಟ್ಟದ್ದು ಸಣ್ಣ ಮಾತಲ್ಲ. ಜನ ಮೇಲೆ ಬಿದ್ದು ಬ್ಯಾನರ್ ಹರಿದರು. ಪೊಲೀಸರು ಹೆಂಗಸರನ್ನೇ ಹಿಡಿದರು, ಫುಟ್‌ಪಾತಿಗೆ ಅಡ್ಡ ನಿಂತರು ಅನ್ನುವ ಕೇಸು ಹಾಕಿ! ನವೆಂಬರ್ 14ರ ರಾತ್ರಿ ಆಕ್ಕಕ್ವಾನ್ ಜೈಲಿನಲ್ಲಿ ಕಾವಲುಗಾರರು ಅವರನ್ನು ಎಳೆದಾಡಿ ಹೊಡೆದರು. ಅವರಲ್ಲೊಬ್ಬರಾದ ಲೂಸಿ ಬರ್ನ್ಸ್ ಅವರ ಕೈಗಳನ್ನು ತಲೆಯ ಮೇಲೆತ್ತಿ ಕಂಬಿಗೆ ಬೇಡಿ ಹಾಕಿದರು. ಉಪವಾಸ ಕೂತವರ ಗಂಟಲಿಗೆ ನಳಿಕೆ ತುರುಕಿ ತಿನ್ನಿಸಿದರು.

ಇತ್ತ ಕ್ಯಾರಿ ಚಾಪ್‌ಮನ್ ಕ್ಯಾಟ್ ನೇತೃತ್ವದ ಇನ್ನೊಂದು ದೊಡ್ಡ ಸಂಘಟನೆ ಯುದ್ಧಕ್ಕೆ ಬೆಂಬಲ ಕೊಡುತ್ತಲೇ ಹಕ್ಕು ಕೇಳಿತು. ಯಾರಿಂದ ಕೆಲಸ ಆಯಿತು ಅಂತ ಇವತ್ತಿಗೂ ಚರ್ಚೆ ಇದೆ. ನನ್ನ ಪ್ರಕಾರ ಇಬ್ಬರೂ ಬೇಕಾಗಿತ್ತು. 1918ರ ಸೆಪ್ಟೆಂಬರ್ 30ರಂದು ವಿಲ್ಸನ್ ಸ್ವತಃ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ಬಂದು, ಯುದ್ಧದ ಕಷ್ಟದಲ್ಲಿ ಪಾಲುದಾರರಾದ ಹೆಂಗಸರಿಗೆ ಹಕ್ಕಿನಲ್ಲೂ ಪಾಲು ಬೇಡವೇ ಅಂತ ಕೇಳಿದರು. ಮಾರನೇ ದಿನ ಎರಡು ಮತ ಕಮ್ಮಿಯಾಗಿ, ಹೆಂಗಸರಿಗೆ ಮತದಾನದ ಹಕ್ಕು ಕೊಡುವ ಸಂವಿಧಾನ ತಿದ್ದುಪಡಿ ಬಿದ್ದುಹೋಯಿತು. ಕೊನೆಗೆ 1920ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಆದರೂ ದಕ್ಷಿಣದ ಕಪ್ಪು ಹೆಂಗಸರಲ್ಲಿ ಹೆಚ್ಚಿನವರು ಮತ ಹಾಕೋಕೆ 1965ರ ಮತದಾನ ಹಕ್ಕಿನ ಕಾನೂನಿನವರೆಗೆ ಕಾಯಬೇಕಾಯಿತು.

ಕಪ್ಪು ಜನರ ಕತೆ ಇದಕ್ಕಿಂತ ಕಠಿಣ. ಯುದ್ಧದಿಂದ ಯುರೋಪಿನ ವಲಸಿಗರು ಬರುವುದು ನಿಂತುಹೋಗಿ ಉತ್ತರದ ಕಾರ್ಖಾನೆಗಳಿಗೆ ಆಳು ಸಿಗದಾಯಿತು. ಆಗ ದಕ್ಷಿಣದ ಹತ್ತಿ ಹೊಲ ಬಿಟ್ಟು ಲಕ್ಷಾಂತರ ಕಪ್ಪು ಜನ ರೈಲು ಹತ್ತಿದರು. 1910ರಲ್ಲಿ ಶಿಕಾಗೋದಲ್ಲಿ 44 ಸಾವಿರ ಇದ್ದವರು 1920ಕ್ಕೆ 1 ಲಕ್ಷ 9 ಸಾವಿರ ಆದರು. ಸೈನ್ಯಕ್ಕೂ ಹೋದರು. ರೈಲ್ವೆ ಸ್ಟೇಷನ್ನಿನಲ್ಲಿ ಹಮಾಲಿ ಮಾಡುತ್ತಿದ್ದ ಹೆನ್ರಿ ಜಾನ್ಸನ್ 1918ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಂದಕದಲ್ಲಿ, ಬಂದೂಕು ಕೈಕೊಟ್ಟ ಮೇಲೂ ಚಾಕು ಹಿಡಿದು ಜರ್ಮನ್ ದಾಳಿಯನ್ನು ತಡೆದ. ಫ್ರಾನ್ಸ್ ಅವನಿಗೆ ಪದಕ ಕೊಟ್ಟಿತು. ಅವನ ಸ್ವಂತ ದೇಶ ಅತ್ಯುನ್ನತ ಪದಕ ಕೊಟ್ಟದ್ದು 2015ರಲ್ಲಿ, ಅವನು ಸತ್ತು 86 ವರ್ಷ ಆದ ಮೇಲೆ. ಯುದ್ಧ ಮುಗಿದ ಮರುವರ್ಷವೇ ಊರೂರಲ್ಲಿ ಕಪ್ಪು ಜನರ ಮೇಲೆ ದಾಳಿಗಳಾದವು. ಶಿಕಾಗೋ ಗಲಭೆಯೊಂದರಲ್ಲೇ 38 ಜನ ಸತ್ತರು. ಸಮವಸ್ತ್ರ ತೊಟ್ಟು ದೇಶಕ್ಕಾಗಿ ಹೋರಾಡಿ ಬಂದವರನ್ನೂ ಬಿಡಲಿಲ್ಲ. ಓದುವಾಗ ಇವತ್ತಿಗೂ ಸಂಕಟ ಆಗುತ್ತದೆ.

ಪ್ರಶ್ನೆ: ಆಗ ಅಮೆರಿಕದಲ್ಲಿ ನಮ್ಮವರು ಇದ್ದರಾ? ನನ್ನ ಮಗ ಈಗ ಅಲ್ಲಿದ್ದಾನೆ, ಅದಕ್ಕೇ ಕೇಳಿದೆ. – ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಇದ್ದರು, ಆದರೆ ಕೆಲವೇ ಸಾವಿರ ಜನ. ಹೆಚ್ಚಿನವರು ಪಂಜಾಬಿನ ರೈತರು, ಪಶ್ಚಿಮ ಕರಾವಳಿಯ ಮರದ ಮಿಲ್ಲು, ಹೊಲಗಳಲ್ಲಿ ದುಡಿಯುತ್ತಿದ್ದರು. ಯುದ್ಧಕ್ಕೆ ಇಳಿಯುವ ಎರಡು ತಿಂಗಳ ಮುಂಚೆ ಅಮೆರಿಕ ಭಾರತವೂ ಸೇರಿ ಏಷ್ಯಾದ ಬಹುಭಾಗದಿಂದ ಬರುವ ವಲಸಿಗರಿಗೆ ಬಾಗಿಲು ಹಾಕಿತ್ತು. ಆದರೂ ಆಗಲೇ ಅಲ್ಲಿದ್ದ ಭಗತ್ ಸಿಂಗ್ ಥಿಂಡ್ 1918ರಲ್ಲಿ ಸೈನ್ಯ ಸೇರಿದರು. ಪೇಟ ಕಟ್ಟಿಕೊಂಡೇ ಕೆಲಸ ಮಾಡಿ ಒಳ್ಳೆಯ ಹೆಸರಿನೊಂದಿಗೆ ಹೊರಬಂದರು. ಸಿಕ್ಕ ಪೌರತ್ವವನ್ನು ಸರ್ಕಾರ ಕೋರ್ಟಿಗೆ ಎಳೆಯಿತು. ಇವರು ಬಿಳಿಯರಲ್ಲ, ಹಾಗಾಗಿ ಪೌರರಾಗುವಂತಿಲ್ಲ ಅಂತ 1923ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ ಬೇರೆ ಭಾರತೀಯರ ಪೌರತ್ವವನ್ನೂ ಕಿತ್ತುಕೊಂಡರು. ಮಾಜಿ ಸೈನಿಕರಿಗಾಗಿ 1935ರಲ್ಲಿ ಬಂದ ಕಾಯ್ದೆಯಿಂದ ಥಿಂಡ್ ಮರುವರ್ಷ ಪೌರರಾದರು. ಉಳಿದ ಭಾರತೀಯರಿಗೆ ಆ ಹಕ್ಕು ಬಂದದ್ದು 1946ರಲ್ಲಿ, ಅದೂ ವರ್ಷಕ್ಕೆ ಬರೀ 100 ಜನ ವಲಸೆ ಬರಬಹುದು ಅನ್ನುವ ಮಿತಿಯೊಂದಿಗೆ. ನಿಮ್ಮ ಮಗನಂಥವರಿಗೆ ದಾರಿ ತೆರೆದದ್ದು 1965ರ ವಲಸೆ ಕಾನೂನು.