ನೆಲದೊಳಗೆ ಇಳಿಸಿದ ಗ್ಯಾಸ್ ಮೇಲೆ ಬರಲ್ವಾ?

ಪ್ರಶ್ನೆ: ಕಾರ್ಖಾನೆ ಹೊಗೆಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹಿಡಿದು ನೆಲದೊಳಗೆ ಕಲ್ಲು ಮಾಡ್ತಾರಂತೆ, ನಿಜಾನಾ? ಸೋರಿ ಮೇಲೆ ಬಂದರೆ ಏನು ಗತಿ? ನಮ್ಮ ಜಿಲ್ಲೆಯಲ್ಲಿ ಕೂಡಗಿ ವಿದ್ಯುತ್ ಸ್ಥಾವರವೂ ಇದೆ, ಕಾಲಡಿಯಲ್ಲಿ ಕರಿಕಲ್ಲೂ ಇದೆ. ಇಲ್ಲೇ ಯಾಕೆ ಮಾಡಬಾರದು?
– ಓದುಗರು, ಬಸವನ ಬಾಗೇವಾಡಿ

ಉತ್ತರ: ನಿಜಾನೇ. ಐಸ್‌ಲ್ಯಾಂಡ್‌ನಲ್ಲಿ ಮಾಡಿ ತೋರಿಸಿದ್ದಾರೆ. ಅಲ್ಲಿನ ವಿಶ್ವವಿದ್ಯಾಲಯ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಭೂವಿಜ್ಞಾನಿಗಳು ಮತ್ತು ಇನ್ನೂ ಕೆಲವರು ಅಲ್ಲಿನ ವಿದ್ಯುತ್ ಕಂಪನಿ ಜೊತೆ ಸೇರಿ ನಡೆಸಿದ ಯೋಜನೆ ಅದು, ಹೆಸರು ಕಾರ್ಬ್‌ಫಿಕ್ಸ್. 2012ರಲ್ಲಿ ಸುಮಾರು 230 ಟನ್ ಕಾರ್ಬನ್ ಡೈಆಕ್ಸೈಡನ್ನು ನೀರಲ್ಲಿ ಕರಗಿಸಿ, ಅಂದರೆ ಸೋಡಾ ಥರ ಮಾಡಿ, 400 ಮೀಟರ್‌ಗಿಂತ ಆಳದ ಬಸಾಲ್ಟ್ ಬಂಡೆಗೆ ಇಳಿಸಿದರು. ಬಸಾಲ್ಟ್ ಅಂದರೆ ಲಾವಾ ಆರಿ ಆದ ಕಲ್ಲು, ನಿಮ್ಮ ಕರಿಕಲ್ಲೇ.

ಈ ನೀರು ಹುಳಿ. ಅದು ಬಂಡೆಯಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣವನ್ನು ಕರಗಿಸಿಕೊಳ್ಳುತ್ತೆ, ಆಮೇಲೆ ಇವು ಇಂಗಾಲದ ಜೊತೆ ಸೇರಿ ಬಂಡೆಯ ಸಂದುಗಳಲ್ಲೇ ಸುಣ್ಣಕಲ್ಲಿನಂಥ ಹರಳಾಗಿ ಕೂರುತ್ತವೆ. ಇದಕ್ಕೆ ನೂರಾರು ವರ್ಷ ಬೇಕು ಅಂತ ಮೊದಲು ಲೆಕ್ಕ ಹಾಕಿದ್ದರು. 2016ರಲ್ಲಿ ಬಂದ ವರದಿ ಪ್ರಕಾರ ಎರಡೇ ವರ್ಷದೊಳಗೆ ಶೇ 95ಕ್ಕಿಂತ ಜಾಸ್ತಿ ಕಲ್ಲಾಗಿತ್ತು! ಗುರುತಿಗೆ ಅಂತ ಗ್ಯಾಸ್ ಜೊತೆ ವಿಕಿರಣಶೀಲ ಇಂಗಾಲ ಬೆರೆಸಿದ್ದರು, ಪಕ್ಕದ ಪರೀಕ್ಷಾ ಬಾವಿಗೆ ನೀರು ಬಂತು, ಆದರೆ ಆ ಇಂಗಾಲ ಬಹುಪಾಲು ಬರಲೇ ಇಲ್ಲ, ಅಂದರೆ ದಾರಿಯಲ್ಲೇ ಕಲ್ಲಾಗಿತ್ತು. ಆ ಬಾವಿಯ ಪಂಪ್ ಕೆಟ್ಟಾಗ ಮೇಲೆತ್ತಿ ನೋಡಿದರೆ ಅದಕ್ಕೂ ಕ್ಯಾಲ್ಸೈಟ್, ಅಂದರೆ ಸುಣ್ಣಕಲ್ಲಿನ ಹರಳು, ಮೆತ್ತಿಕೊಂಡಿತ್ತು.

ಸೋರುವ ಭಯ ಸಹಜ. 1986ರಲ್ಲಿ ಕ್ಯಾಮರೂನ್ ದೇಶದ ನ್ಯೋಸ್ ಸರೋವರದಿಂದ ಈ ಗ್ಯಾಸ್ ಒಮ್ಮೆಲೇ ಹೊರಬಂದು 1,700ಕ್ಕೂ ಹೆಚ್ಚು ಜನ ಸತ್ತರು. ಅದನ್ನು ಮರೆಯೋಕಾಗಲ್ಲ. ಆದರೆ ಅಲ್ಲಿ ಗ್ಯಾಸ್ ಇದ್ದದ್ದು ಕೆರೆಯ ತಳದ ನೀರಲ್ಲಿ, ಮೇಲೆ ಬಂಡೆಯ ಮುಚ್ಚಳ ಇರಲಿಲ್ಲ. ಐಸ್‌ಲ್ಯಾಂಡ್ ವಿಧಾನದಲ್ಲಿ ಗ್ಯಾಸ್ ಕರಗಿದ ನೀರು ಸುತ್ತಲಿನ ನೀರಿಗಿಂತ ಭಾರ, ಮೇಲೇಳದೆ ಕೆಳಗೇ ಇಳಿಯುತ್ತೆ. ಕಲ್ಲಾದ ಮೇಲಂತೂ ಸೋರೋಕೆ ಗ್ಯಾಸೇ ಇರಲ್ಲ.

ಇನ್ನು ನಿಮ್ಮೂರಿನ ಮಾತು. ನಿಮ್ಮ ಕಲ್ಲು ಡೆಕ್ಕನ್ ಲಾವಾದ್ದೇ, ಸುಮಾರು 6.6 ಕೋಟಿ ವರ್ಷ ಹಳೆಯದು. ಆದರೆ ನೀವಿರೋದು ಆ ಲಾವಾ ಹರವಿನ ದಕ್ಷಿಣದ ಅಂಚಿನ ಕಡೆ, ಇಲ್ಲಿ ಪದರ ತೆಳು. ಮಹಾರಾಷ್ಟ್ರದ ಸಹ್ಯಾದ್ರಿ ಕಡೆಗೆ ಹೋದಷ್ಟೂ ದಪ್ಪ. ಅದಕ್ಕಿಂತ ದೊಡ್ಡ ತೊಡಕು ನೀರು. ಒಂದು ಟನ್ ಗ್ಯಾಸ್ ಕರಗಿಸೋಕೆ ಸುಮಾರು 25 ಟನ್ ನೀರು ಬೇಕು, ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಊರಲ್ಲಿ ಅಷ್ಟು ನೀರು ಕೇಳೋದು ನನಗೆ ಸರಿ ಕಾಣಲ್ಲ.

ನೀರಿಲ್ಲದ ದಾರಿಯೂ ಇದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ವಲುಲಾದಲ್ಲಿ 2013ರಲ್ಲಿ ಸುಮಾರು 1,000 ಟನ್ ಗ್ಯಾಸನ್ನು ಒತ್ತಡ ಹಾಕಿ, ನೀರು ಬೆರೆಸದೆ ಬಸಾಲ್ಟಿಗೆ ಇಳಿಸಿದರು. ಎರಡು ವರ್ಷದ ನಂತರ ಕೊರೆದು ತೆಗೆದ ಕಲ್ಲಿನ ರಂಧ್ರಗಳಲ್ಲಿ ಹೊಸ ಹರಳು ಸಿಕ್ಕಿತು. ಆದರೆ ಇದಕ್ಕೆ 800 ಮೀಟರ್‌ಗಿಂತ ಆಳ ಬೇಕು, ಮೇಲೆ ಗ್ಯಾಸ್ ತಡೆಯುವ ಗಟ್ಟಿ ಪದರವೂ ಬೇಕು. ಹಾಗಾಗಿ ಡೆಕ್ಕನ್ ಬಸಾಲ್ಟಿನಲ್ಲಿ ಪ್ರಯತ್ನ ಮಾಡೋದಾದರೆ ಜಾಗ ಹುಡುಕಬೇಕಾದ್ದು ದಪ್ಪ ಪದರದ ಕಡೆ, ಕೂಡಗಿಯ ಚಿಮಣಿ ಬುಡದಲ್ಲಲ್ಲ.