ಬಡವರಿಗೆ ಫ್ರೀ ಕಿಟ್ ಕೊಟ್ರೂ "ಅಕ್ಕಿ ಬೇಡ, ಜೋಳ ಕೊಡಿ" ಅಂತಾರೆ, ಇದು ಸರೀನಾ?

ನಿಮ್ಮ ಅಪಾರ್ಟ್‌ಮೆಂಟ್‌ನವರೆಲ್ಲ ದುಡ್ಡು ಹಾಕಿ ಪಕ್ಕದ ಕಟ್ಟಡ ಕಾರ್ಮಿಕರ ಶೆಡ್‌ಗೆ ರೇಷನ್ ಕಿಟ್ ಕೊಟ್ರಿ, ಅವರು ಅಕ್ಕಿ ಬದಲು ಜೋಳ ಕೇಳಿದ್ರು, ಆಮೇಲೆ ಒಂದಿಬ್ಬರು ಅಕ್ಕೀನ ಅಂಗಡಿಗೆ ಮಾರಿದ್ದೂ ಗೊತ್ತಾಯ್ತು, "ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ" ಅನ್ನೋ ಹಾಗಾಯ್ತು ಅಂತ ಬರ್ದಿದೀರ. ನಂಗೆ ಈ ಗಾದೆ ಮೊದಲಿಂದಲೂ ಹಿಡಿಸಲ್ಲ. ಆ ಬಟ್ಟೆ ಉಡೋರು ಅವರು ತಾನೆ, ಮೊಳ ಹಾಕಿ ನೋಡಿದ್ರೆ ಏನು ತಪ್ಪು?

ನಾನು ಕೊಪ್ಪಳದ ಕಡೆಯವನು, ಇರೋದು ಬೆಂಗಳೂರಲ್ಲಿ. 2020ರ ಲಾಕ್‌ಡೌನ್ ಟೈಮಲ್ಲಿ ಫ್ರೆಂಡ್ಸ್ ಜೊತೆ ಕಿಟ್ ಹಂಚೋಕೆ ಹೋಗ್ತಿದ್ದೆ, ಅಲ್ಲೂ ಇದೇ ಮಾತು. ಯಾದಗಿರಿ ಕಡೆಯ ಒಬ್ಬ ಅಮ್ಮ ಚೀಲ ಬಿಚ್ಚಿ ನೋಡಿ, "ಅಕ್ಕಿ ಅದಾವ್ರಿ ಯಪ್ಪಾ, ಜ್ವಾಳದ ಹಿಟ್ಟಿದ್ರ ಕೊಡ್ರಿ, ಅನ್ನ ಉಂಡ್ರ ಒಂದ್ ತಾಸಿಗೆ ಮತ್ತ ಹಸಿವಾಗ್ತತಿ" ಅಂದ್ರು. ಶೆಡ್ಡಿನ ಮೂಲೇಲಿ ರೊಟ್ಟಿ ಸುಡೋ ಹಂಚು, ಹಿಟ್ಟು ನಾದೋ ಕೊಣಮಗಿ ಎಲ್ಲ ಇತ್ತು, ಹಿಟ್ಟು ಮಾತ್ರ ಇರ್ಲಿಲ್ಲ. ಹಿಂದೆ ಯಾರೋ ಕೊಟ್ಟಿದ್ದ ಸಾಂಬಾರ್ ಪುಡಿ ಪ್ಯಾಕೆಟ್‌ಗಳು ಒಡೀದೆ ಹಾಗೇ ಬಿದ್ದಿದ್ವು. ದಿನವಿಡೀ ಸಿಮೆಂಟ್ ಹೊರೋರಿಗೆ ಎರಡು ರೊಟ್ಟಿ, ಪುಂಡಿಪಲ್ಯ, ಒಂದು ಹಸಿಮೆಣಸಿನಕಾಯಿ ಸಿಕ್ರೆ ಅದು ಊಟ, ಅನ್ನ ಆಮೇಲೆ ಒಂದು ತುತ್ತು. ಇದನ್ನ ಸೊಕ್ಕು ಅಂತ ಕರೆಯೋಕೆ ನನ್ನಿಂದ ಆಗಲ್ಲ.

ಮಾರೋ ವಿಷಯ. 2013ರ ಜುಲೈನಲ್ಲಿ ಅನ್ನಭಾಗ್ಯ ಬಂದಾಗಿನಿಂದ "ಫ್ರೀ ಅಕ್ಕಿ ಮಾರ್ಕೊಂಡು ತಿಂತಾರೆ" ಅನ್ನೋ ಬೈಗುಳ ಕೇಳ್ತಾನೇ ಇದೀವಿ. ಬೇಡದ ಅಕ್ಕಿ ಕೊಟ್ಟು ಬೇಕಾದ ಜೋಳ, ಎಣ್ಣೆ ತಗೊಂಡ್ರೆ ಅದು ಅವರ ಸಂಸಾರದ ಲೆಕ್ಕಾಚಾರ, ನಂಗಂತೂ ಅದರಲ್ಲಿ ಮೋಸ ಕಾಣಲ್ಲ. ತಮಾಷೆ ಏನಂದ್ರೆ ಅದೇ 2013ರ ಆಹಾರ ಭದ್ರತಾ ಕಾಯ್ದೇಲಿ ಅಕ್ಕಿ ಕೇಜಿಗೆ 3 ರೂಪಾಯಿ, ಗೋಧಿ 2, ಜೋಳ ರಾಗಿ ಥರದ ಧಾನ್ಯ 1 ರೂಪಾಯಿ ಅಂತ ಬರ್ದಿತ್ತು, ಅಂದ್ರೆ ಕಾನೂನಲ್ಲೇ ಜೋಳಕ್ಕೆ ಜಾಗ ಇತ್ತು. ಆದ್ರೆ ರೇಷನ್‌ಗೆ ಜೋಳ ಕೊಡ್ಬೇಕಂದ್ರೆ ಸರ್ಕಾರ ಮೊದಲು ರೈತರಿಂದ ಕೊಳ್ಳಬೇಕಲ್ಲ, ಬಿಳಿ ಜೋಳಕ್ಕೆ ಮಾರ್ಕೆಟ್‌ನಲ್ಲಿ ಒಳ್ಳೆ ರೇಟ್ ಸಿಕ್ಕಿದ ವರ್ಷ ರೈತರು ಸರ್ಕಾರದ ಖರೀದಿ ಕೇಂದ್ರದ ಕಡೆ ಯಾಕೆ ಬರ್ತಾರೆ? 2024-25ರಲ್ಲಿ ಹೈಬ್ರಿಡ್ ಜೋಳಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 3,371, ಮಾಲ್ದಂಡಿ ಅನ್ನೋ ಬಿಳಿ ಜೋಳಕ್ಕೆ 3,421. ಬರೀ 50 ರೂಪಾಯಿ ವ್ಯತ್ಯಾಸ, ನಮ್ಮ ಕಡೆ ಹೆಂಗಸರನ್ನ ಕೇಳಿ, ಎರಡರ ರೊಟ್ಟಿಗೂ ಎಷ್ಟು ವ್ಯತ್ಯಾಸ ಅಂತ ಅವರೇ ಹೇಳ್ತಾರೆ!

ಈಗ ಕೆಲವರು "ಅಷ್ಟೊಂದು ಜನಕ್ಕೆ ಅವರವರ ಊಟ ಕೊಡೋಕೆ ಆಗುತ್ತಾ, ಅನ್ನ ಸಾಂಬಾರ್ ಆದ್ರೆ ಸುಲಭ" ಅಂತಾರೆ. ಜನವರಿ ಹೊತ್ತಿಗೆ ಕೊಪ್ಪಳದ ಗವಿಮಠದ ಜಾತ್ರೆಗೆ ಬನ್ನಿ ಒಂದ್ಸಲ. ಸುತ್ತಲಿನ ಹಳ್ಳಿಯವರು ಮನೆಮನೇಲಿ ರೊಟ್ಟಿ ಬಡಿದು, ಟ್ರ್ಯಾಕ್ಟರ್‌ಗಳಲ್ಲಿ ಹೇರ್ಕೊಂಡು ಬರ್ತಾರೆ, ಲಕ್ಷಗಟ್ಟಲೆ ರೊಟ್ಟಿ, ಜೊತೆಗೆ ಮಾದಲಿ ಅನ್ನೋ ಸಿಹಿ. ದಾಸೋಹದಲ್ಲಿ ಉಣ್ಣೋನೂ ಅದೇ ರೊಟ್ಟಿ ತಿನ್ನೋನು, ಕೊಟ್ಟೋನೂ ಮನೇಲಿ ಅದನ್ನೇ ತಿನ್ನೋನು, ಹಾಗಾಗಿ ಕೊಡೋನು ಮೇಲೆ ಇಸ್ಕೊಳ್ಳೋನು ಕೆಳಗೆ ಅನ್ನೋದು ಅಲ್ಲಿ ಅಷ್ಟಾಗಿ ಕಾಣಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿದಾಗಲೂ ಎಷ್ಟೋ ಊರಿನವರು ಸಂತ್ರಸ್ತರಿಗೆ ರೊಟ್ಟಿ ಚಟ್ನಿ ಕಟ್ಟಿ ಕಳಿಸಿದ್ರು. ಖಡಕ್ ರೊಟ್ಟಿಗೆ ಒಲೆ ಬೇಡ, ವಾರಗಟ್ಟಲೆ ಕೆಡಲ್ಲ, ನೀರು ತುಂಬಿದ ಊರಲ್ಲಿ ಅದಕ್ಕಿಂತ ಇನ್ನೇನು ಬೇಕು ಹೇಳಿ.

ಏನು ತಿನ್ಬೇಕು, ಏನು ಬೆಳೀಬೇಕು ಅನ್ನೋದನ್ನ ಜನರೇ ತೀರ್ಮಾನ ಮಾಡ್ಬೇಕು, ಇದನ್ನ ಆಹಾರ ಸಾರ್ವಭೌಮತ್ವ ಅಂತಾರೆ. 1996ರಲ್ಲಿ ರೋಮ್‌ನ ಆಹಾರ ಶೃಂಗಸಭೆ ಟೈಮಲ್ಲಿ ಈ ಮಾತನ್ನ ಜಗತ್ತಿನ ಮುಂದಿಟ್ಟಿದ್ದು ಲಾ ವಿಯಾ ಕ್ಯಾಂಪೆಸಿನಾ ಅನ್ನೋ ರೈತರ ಒಕ್ಕೂಟ, ಪ್ರೊಫೆಸರ್ ನಂಜುಂಡಸ್ವಾಮಿಯವರ ನಮ್ಮ ರೈತ ಸಂಘವೂ ಅದರಲ್ಲಿತ್ತು. ಶಾಲೇಲಿ ಮಕ್ಕಳಿಗೆ ಮೊಟ್ಟೆ ಕೊಡೋ ವಿಷಯಕ್ಕೆ ಗಲಾಟೆ ಆಯ್ತಲ್ಲ, ಡಿಸೆಂಬರ್ 2021ರಲ್ಲಿ, ಅದೂ ಇದೇ ಪ್ರಶ್ನೆ. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇತ್ತು, ಆದ್ರೂ ತಿನ್ನೋ ಮಕ್ಕಳಿಗೂ ಮೊಟ್ಟೆ ಬೇಡ ಅಂತ ದೊಡ್ಡೋರು ಪಟ್ಟು ಹಿಡಿದ್ರು.

ನೀವೀಗ ಮಾಡ್ಬೇಕಾದ್ದು ಜಾಸ್ತಿ ಏನಿಲ್ಲ, ಮುಂದಿನ ಸಲ ಕೊಡೋ ಮುಂಚೆ ಮೇಸ್ತ್ರಿಗೆ ಒಂದು ಫೋನ್ ಮಾಡಿ ಯಾವ ಕಡೆಯ ಜನ ಇದಾರೆ, ಏನು ಬೇಕು ಅಂತ ಕೇಳಿ. ಒಡಿಶಾ, ಬಂಗಾಳದವರು ಇದ್ರೆ ಅವರಿಗೆ ಅಕ್ಕೀನೇ ಬೇಕು, ಆದ್ರೆ ಜೊತೆಗೆ ಆಲೂಗಡ್ಡೆ, ಸಾಸಿವೆ ಎಣ್ಣೆ ಕೊಡಿ, ಅವರ ಕೈಗೆ ಹೋಗಿ ಜೋಳ ಇಟ್ರೆ ಮತ್ತೆ ಅದೇ ಕಥೆ. ತುಮಕೂರು, ಕನಕಪುರ ಕಡೆಯವರಾದ್ರೆ ರಾಗಿ. ನಮ್ಮ ಕಡೆಯವರಿಗಾದ್ರೆ ಹಿಟ್ಟಿಗಿಂತ ಇಡೀ ಜೋಳ ಕೊಟ್ಟು ಗಿರಣಿಗೆ ಅಂತ ಸ್ವಲ್ಪ ದುಡ್ಡು ಕೊಡೋದು ವಾಸಿ, ಯಾಕಂದ್ರೆ ಹಿಟ್ಟು ಹಳೇದಾದ್ರೆ ಜಿಗಿ ಹೋಗುತ್ತೆ, ರೊಟ್ಟಿ ಬಡಿಯೋವಾಗ ಅಂಚು ಸೀಳುತ್ತೆ. ಬಿಳಿ ಜೋಳ ತಗೊಳ್ಳಿ, ಅಂಗಡಿಯವನು ಹೈಬ್ರಿಡ್ ತೋರಿಸಿ ಎಲ್ಲಾ ಒಂದೇ ಅಂತಾನೆ, ನಂಬಬೇಡಿ.