ಅಕ್ಕನ ಕೌಂಟರ್: ವೆನಿಸ್‌ಗೆ ಹೋಗಿ ಬಂದವರ ಪತ್ರಗಳು

(ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಬಾಡಿಗೆ ಕಾರಿನ ಕೌಂಟರ್‌ನಲ್ಲಿ ಕೆಲಸ ಮಾಡುವ ತುಮಕೂರಿನ ಅಕ್ಕ, ಅಲ್ಲಿ ಓದುವ ಮಕ್ಕಳ ಮತ್ತು ಅವರ ಮನೆಯವರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಅಕ್ಕಾ, ನಾನು ದಾವಣಗೆರೆಯವನು, ಇಲ್ಲಿ ಎಂ.ಎಸ್. ಓದುತ್ತಿದ್ದೇನೆ. ರಜೆಗೆ ಗೆಳೆಯರೆಲ್ಲ ಬಾಡಿಗೆ ಕಾರಿನಲ್ಲಿ ವೆನಿಸ್‌ಗೆ ಹೋಗಿದ್ದೆವು. ವಾಪಸ್ ಬರುವಾಗ ಜರ್ಮನಿಯೊಳಗೆ ರೋಸೆನ್‌ಹೈಮ್ ಹತ್ತಿರ ಪೊಲೀಸ್ ಕಾರೊಂದು ನಮ್ಮನ್ನು ದಾಟಿ ಮುಂದೆ ಬಂತು. ಅದರ ಹಿಂದಿನ ಗಾಜಿನಲ್ಲಿ 'ಬಿಟ್ಟೆ ಫೋಲ್ಗೆನ್' (ದಯವಿಟ್ಟು ಹಿಂಬಾಲಿಸಿ) ಅಂತ ದೀಪದ ಅಕ್ಷರ. ಹಿಂದೆ ಹೋಗಿ ನಿಲ್ಲಿಸಿದೆ. ನಾನು ಇಳಿದು ಅವರ ಕಡೆ ನಡೆದಿದ್ದೇ ತಡ, ಕೂಗಿ ವಾಪಸ್ ಕೂರಿಸಿದರು. ನನ್ನ ಹತ್ತಿರ ಊರಿನ ಲೈಸೆನ್ಸ್, ಐಡಿಪಿ (ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್) ಎರಡೂ ಇದ್ದವು. ಆದರೆ ನಾನು ಜರ್ಮನಿಗೆ ಬಂದು ಹತ್ತು ತಿಂಗಳಾಗಿದೆ ಅಂತ ಗೊತ್ತಾದ ಮೇಲೆ, ಇದು ನಡೆಯಲ್ಲ ಅಂದು ಕೇಸು ಬರೆದುಕೊಂಡರು. ಜರ್ಮನ್ ಲೈಸೆನ್ಸ್ ಇದ್ದ ಗೆಳೆಯ ಕಾರು ಓಡಿಸಿಕೊಂಡು ಬಂದ. ವೀಸಾಕ್ಕೆ ತೊಂದರೆ ಆಗುತ್ತಾ? ಅಪ್ಪನಿಗೆ ಹೇಳಲಾ?

ಉತ್ತರ: ತಮ್ಮಾ, ಕೂಗಿದ್ದನ್ನು ಮೊದಲು ಮನಸ್ಸಿಂದ ತೆಗೆದುಹಾಕು. ನಮ್ಮೂರಲ್ಲಿ ಪೊಲೀಸರು ಕೈ ತೋರಿಸಿದರೆ ಗಾಡಿ ಬದಿಗೆ ಹಾಕಿ, ಕಾಗದ ಹಿಡಿದುಕೊಂಡು ನಾವೇ ಹೋಗುತ್ತೇವೆ. ಕೂತಲ್ಲೇ ಕೂತರೆ ಸೊಕ್ಕು ಅಂದುಕೊಳ್ಳುತ್ತಾರೆ. ಇಲ್ಲಿ ಇಳಿದು ಬರುವವನನ್ನು ಕಂಡರೆ ಅವರಿಗೆ ಭಯ. ಇಂಜಿನ್ ಆಫ್ ಮಾಡಿ, ಗಾಜು ಇಳಿಸಿ, ಕೈ ಸ್ಟೀರಿಂಗ್ ಮೇಲೆ ಇಟ್ಟು ಸುಮ್ನೆ ಕೂತಿರಬೇಕು. ಅವರೇ ಬರುತ್ತಾರೆ. ಅಷ್ಟಕ್ಕೆ ಯಾರೂ ಕೇಸು ಹಾಕಲ್ಲ.

ನಿನ್ನ ನಿಜವಾದ ತಲೆನೋವು ಲೈಸೆನ್ಸ್‌ದು. ಇಲ್ಲಿ ವಾಸ ಶುರುವಾದ ದಿನದಿಂದ 6 ತಿಂಗಳು ಮಾತ್ರ ಭಾರತದ ಲೈಸೆನ್ಸ್ ನಡೆಯುತ್ತದೆ. ಐಡಿಪಿ ಮೇಲೆ ಒಂದು ವರ್ಷ ಅಂತ ಬರೆದಿರುತ್ತದೆ, ಹುಡುಗರು ಮೋಸ ಹೋಗುವುದು ಅಲ್ಲೇ. ಅದು ನಿನ್ನ ಲೈಸೆನ್ಸ್‌ನ ಅನುವಾದ ಇದ್ದ ಹಾಗೆ, ಅಷ್ಟೇ. ಮೂಲ ಲೈಸೆನ್ಸ್‌ಗೆ ಬೆಲೆ ಹೋದ ಮೇಲೆ ಅದಕ್ಕೂ ಇಲ್ಲ. ಕೌಂಟರ್‌ನಲ್ಲಿ ಕೀ ಕೊಟ್ಟರಲ್ಲ ಅಂತ ನೀನು ಕೇಳಬಹುದು. ನಾವು ಲೈಸೆನ್ಸ್ ನೋಡುತ್ತೇವೆ, ಕ್ರೆಡಿಟ್ ಕಾರ್ಡ್ ನೋಡುತ್ತೇವೆ. ಜರ್ಮನಿಯಲ್ಲಿ ಎಷ್ಟು ದಿನದಿಂದ ಇದ್ದೀರಿ ಅಂತ ಎಲ್ಲ ಕಡೆ ಕೇಳಲ್ಲ. ಕೀ ಸಿಕ್ಕಿತು ಅಂದರೆ ಕಾನೂನು ಒಪ್ಪಿತು ಅಂತಲ್ಲಪ್ಪ. ದಾರಿಯಲ್ಲಿ ಯಾರಿಗಾದರೂ ಗುದ್ದಿದ್ದರೆ ಇನ್ಶೂರೆನ್ಸ್‌ನವರೂ ನಿನ್ನ ಹಿಂದೆ ಬೀಳುತ್ತಿದ್ದರು.

ಲೈಸೆನ್ಸ್ ಇಲ್ಲದೆ ಓಡಿಸುವುದು ಇಲ್ಲಿ ಬರೀ ಟ್ರಾಫಿಕ್ ದಂಡ ಅಲ್ಲ, ಕ್ರಿಮಿನಲ್ ಅಪರಾಧ. ಕಾನೂನಿನಲ್ಲಿ ದಂಡ ಅಥವಾ ಒಂದು ವರ್ಷದವರೆಗೆ ಜೈಲು ಅಂತಿದೆ. ಜೈಲು ಅಂದ ಕೂಡಲೇ ಗಾಬರಿ ಬೇಡ. ದಂಡವನ್ನು ಆದಾಯ ನೋಡಿ, ಇಷ್ಟು ದಿನದ ಸಂಪಾದನೆ ಅಂತ ಲೆಕ್ಕ ಹಾಕುತ್ತಾರೆ. ವಿದ್ಯಾರ್ಥಿಗೆ ದಿನದ ಲೆಕ್ಕ ಸಣ್ಣದೇ. ಮೊದಲು ಪೊಲೀಸರಿಂದ ಪತ್ರ ಬರುತ್ತದೆ, ನಿನ್ನ ಕಡೆಯ ವಿಷಯ ಹೇಳು ಅಂತ. ನಿಮ್ಮ ಯೂನಿವರ್ಸಿಟಿಯ ಪಾರ್ಟ್‌ಟೈಮ್ ಕೆಲಸ, ಅಪ್ಪನ ಸಾಲ, ಎಲ್ಲ ಸೇರಿಸಿ ಉದ್ದ ಕತೆ ಬರೆಯಬೇಡ. ಏನನ್ನೂ ಬರೆಯುವ ಮುಂಚೆ ವಕೀಲರನ್ನು ನೋಡು. ವಿದ್ಯಾರ್ಥಿಗಳ ಸೇವಾ ಸಂಸ್ಥೆ, ಅದೇ ಸ್ಟುಡೀರೆಂಡೆನ್‌ವೆರ್ಕ್, ಅಲ್ಲಿ ಕಾನೂನು ಸಲಹೆ ಸಿಗುತ್ತದಾ ಅಂತ ನಾಳೆಯೇ ವಿಚಾರಿಸು. ಕೋರ್ಟಿನಿಂದ ದಂಡದ ಆದೇಶ ಬಂದರೆ ಆಕ್ಷೇಪ ಸಲ್ಲಿಸಲು 2 ವಾರ ಮಾತ್ರ. ವೀಸಾ ವಿಷಯವನ್ನೂ ವಕೀಲರ ಹತ್ತಿರವೇ ಕೇಳು. ವಾಟ್ಸಾಪ್ ಗ್ರೂಪಿನ ಸೀನಿಯರ್‌ಗಳ ಹತ್ತಿರ ಬೇಡ.

ಆ 2 ವಾರ ಲೆಕ್ಕವಾಗುವುದು ಕೋರ್ಟಿನ ಆದೇಶ ಇರುವ ಹಳದಿ ಲಕೋಟೆ ನಿನ್ನ ಟಪಾಲು ಡಬ್ಬಿಗೆ ಬಿದ್ದ ದಿನದಿಂದ. ನೀನು ಒಡೆದು ಓದಿದ ದಿನದಿಂದಲ್ಲ. ಹಾಸ್ಟೆಲ್ ಬದಲಾಯಿಸಿ, ಹಳೇ ಡಬ್ಬಿಯ ಮೇಲೆ ಹೆಸರು ಹಾಗೇ ಬಿಟ್ಟು ಹೋಗುವ ಹುಡುಗರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈ ದೇಶದಲ್ಲಿ ಪೊಲೀಸರಿಗಿಂತ ಟಪಾಲಿನವನಿಗೆ ಹೆದರಬೇಕು.

ಅಪ್ಪನಿಗೆ ಹೇಳು. ವಕೀಲರ ಫೀಸು ಯಾರು ಕೊಡುತ್ತಾರೆ? ಇನ್ನು ಓಡಿಸಲೇಬೇಕು ಅಂದರೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಪಾಸು ಮಾಡು. ಥಿಯರಿ ಇಂಗ್ಲಿಷಿನಲ್ಲೂ ಬರೆಯಬಹುದು. ಅಲ್ಲಿಯವರೆಗೆ ಹಿಂದಿನ ಸೀಟು.

ಪ್ರಶ್ನೆ: ಮಗ ಅಲ್ಲಿ ಓದುತ್ತಿದ್ದಾನೆ. ಕಳೆದ ಬೇಸಿಗೆಯಲ್ಲಿ ಫ್ಲಾರೆನ್ಸ್‌ಗೆ ಕಾರಲ್ಲಿ ಹೋಗಿದ್ದ. ಪೊಲೀಸರು ಎಲ್ಲೂ ಹಿಡಿದಿರಲಿಲ್ಲವಂತೆ. ಈಗ, ಅದೆಷ್ಟೋ ತಿಂಗಳಾದ ಮೇಲೆ, ಬಾಡಿಗೆ ಕಂಪನಿ 40 ಯೂರೋ ಕಿತ್ತುಕೊಂಡಿದೆ. ಆಮೇಲೆ ಇಟಲಿಯಿಂದ ದಂಡದ ಪತ್ರವೂ ಬಂದಿದೆ. ಇದು ಮೋಸ ಇರಬಹುದಾ? — ಹಾಸನದ ಒಬ್ಬ ತಾಯಿ

ಉತ್ತರ: ಅಮ್ಮಾ, ಬಹುಶಃ ಮೋಸ ಅಲ್ಲ. ಇಟಲಿಯ ಹಳೇ ಪೇಟೆಗಳಿಗೆ ಹೊರಗಿನ ಗಾಡಿ ಬಿಡುವುದಿಲ್ಲ. ಝಡ್‌ಟಿಎಲ್, ಅಂದರೆ ವಾಹನ ನಿರ್ಬಂಧಿತ ಪ್ರದೇಶ, ಅಂತ ಬೋರ್ಡ್ ಇರುತ್ತದೆ, ಮೇಲೆ ಕ್ಯಾಮೆರಾ ಇರುತ್ತದೆ. 'ವಾರ್ಕೊ ಅತ್ತೀವೊ' (ನಿರ್ಬಂಧ ಜಾರಿಯಲ್ಲಿದೆ) ಅಂತ ಉರಿಯುತ್ತಿದ್ದರೆ ನುಗ್ಗಬಾರದು. ಗೂಗಲ್ ಮ್ಯಾಪ್ ನೋಡಿಕೊಂಡು ಹೋಟೆಲ್ ಹುಡುಕುವ ಹುಡುಗ ತಲೆ ಎತ್ತಿ ಬೋರ್ಡ್ ನೋಡುತ್ತಾನಾ? ಹೊರದೇಶದವರಿಗೆ ನೋಟಿಸು ಕಳಿಸಲು ಅವರಿಗೆ 360 ದಿನ ಸಮಯ ಇದೆ. ಹಾಗಾಗಿ ತಡ.

ಕಂಪನಿ ತೆಗೆದುಕೊಂಡ 40 ಯೂರೋ ದಂಡ ಅಲ್ಲ. ಪೊಲೀಸರು ಕೇಳಿದಾಗ ನಿಮ್ಮ ಮಗನ ಹೆಸರು, ವಿಳಾಸ ಕೊಟ್ಟಿದ್ದಕ್ಕೆ ಶುಲ್ಕ. ಒಪ್ಪಂದದ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಅವನು ಸಹಿಯನ್ನೂ ಹಾಕಿರುತ್ತಾನೆ. ನನ್ನ ಪ್ರಕಾರ ಅದು ಜಾಸ್ತಿಯೇ. ಕೌಂಟರ್‌ನಲ್ಲಿ ಕೂತು ನಾನೇ ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ.

ಪತ್ರದಲ್ಲಿರುವ ಕಾರಿನ ನಂಬರು, ದಿನ, ಗಂಟೆ ಇವನ್ನು ಬಾಡಿಗೆ ಕಾಗದದ ಜೊತೆ ಹೋಲಿಸಿ ನೋಡಲು ಹೇಳಿ. ಸರಿ ಇದ್ದರೆ ಕಟ್ಟಿಬಿಡಲಿ. ಪತ್ರ ತಲುಪಿದ 5 ದಿನದೊಳಗೆ ಕಟ್ಟಿದರೆ ಸಾಮಾನ್ಯವಾಗಿ ಶೇ. 30 ಕಡಿಮೆ. ಒಂದೇ ದಿನ ಎರಡು ಕ್ಯಾಮೆರಾ ದಾಟಿದ್ದರೆ ಎರಡನೇ ಪತ್ರವೂ ಬರಬಹುದು, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮುಂದಿನ ತಿಂಗಳು ನಾವು ಸ್ವಿಜರ್‌ಲ್ಯಾಂಡ್, ಆಸ್ಟ್ರಿಯಾ ಸುತ್ತಬೇಕು ಅಂತಿದ್ದೇವೆ. ಪೊಲೀಸರು ಹಿಡಿದರೆ ಅಲ್ಲೇ ಏನಾದರೂ ಕೊಟ್ಟು ಮುಗಿಸಬಹುದಾ? — ಹೆಸರು ಬೇಡ

ಉತ್ತರ: ಹೆಸರು ಬೇಡ ಅಂದಿದ್ದು ಒಳ್ಳೆಯದಾಯಿತು.

'ಏನಾದರೂ' ಕೊಟ್ಟರೆ ಅದೇ ಇನ್ನೊಂದು ಕೇಸು. ದಂಡವನ್ನು ಅಲ್ಲೇ ಕಟ್ಟಿಸಿಕೊಳ್ಳಬಹುದು, ಕಾರ್ಡ್‌ನಲ್ಲಿ ಕೊಟ್ಟು ರಸೀದಿ ಇಸಕೊಳ್ಳಿ. ಸ್ವಿಸ್ ಹೈವೇ ಹತ್ತುವ ಮುಂಚೆ 40 ಫ್ರಾಂಕಿನ ವಿನ್ಯೆಟ್, ಅಂದರೆ ಹೈವೇ ಶುಲ್ಕದ ಚೀಟಿ, ಬೇಕು, ಇಲ್ಲದಿದ್ದರೆ ದಂಡ 200, ವಿನ್ಯೆಟ್ ಬೇರೆ. ಊರೊಳಗೆ 50ರ ಮಿತಿಯಲ್ಲಿ 11ರಿಂದ 15 ಕಿ.ಮೀ. ಜಾಸ್ತಿ ಹೋದರೆ 250 ಫ್ರಾಂಕ್. ಕ್ಯಾಮೆರಾ ಎಲ್ಲಿದೆ ಅಂತ ಹೇಳುವ ಆ್ಯಪ್ ಅಲ್ಲಿ ಕಾನೂನುಬಾಹಿರ. ಜರ್ಮನಿಗೆ ಬಂದುಬಿಟ್ಟರೆ ಸ್ವಿಸ್‌ನವರು ಏನು ಮಾಡಿಯಾರು ಅನ್ನುವ ಕಾಲವೂ ಮುಗಿಯಿತು. 2024ರ ಮೇ ತಿಂಗಳಿಂದ ಅಲ್ಲಿನ ದಂಡ ಇಲ್ಲೂ ವಸೂಲಾಗುತ್ತದೆ.

ಆಸ್ಟ್ರಿಯಾಕ್ಕೆ ಬೇರೆ ವಿನ್ಯೆಟ್ ಕೊಳ್ಳಬೇಕು. ಬ್ರೆನ್ನರ್ ಘಾಟಿಗೆ ಅದರ ಮೇಲೆ ಇನ್ನೊಂದು ಟೋಲ್. ಇನ್ಸ್‌ಬ್ರುಕ್ ಸುತ್ತಮುತ್ತ ಗಾಳಿ ಕೆಡದಿರಲಿ ಅಂತ 100ರ ಮಿತಿ ಇಟ್ಟಿದ್ದಾರೆ. ರಸ್ತೆ ಖಾಲಿ ಇದೆ, 130 ಹೋಗೋಣ ಅನಿಸುವ ಜಾಗ ಅದು. ಪಾಸ್‌ಪೋರ್ಟ್ ರೂಮಲ್ಲಿ ಬಿಟ್ಟು ಹೋಗಬೇಡಿ. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ನೆಲಗಡಿಗಳಲ್ಲೂ ತಪಾಸಣೆ ಶುರು ಮಾಡಿದೆ. ಭಾನುವಾರ ಸಂಜೆ ಆಸ್ಟ್ರಿಯಾ ಗಡಿಯ ಕೀಫರ್ಸ್‌ಫೆಲ್ಡೆನ್‌ನಲ್ಲಿ ಸಾಲು ಇರುತ್ತದೆ. ಅದಕ್ಕೆ ಮುಂಚೆಯೇ ಪೆಟ್ರೋಲ್ ಹಾಕಿಸಿಕೊಳ್ಳಿ, ಆಸ್ಟ್ರಿಯಾದಲ್ಲಿ ಅಗ್ಗ.